ಪಾಳಿ ಹಂಚುವ ಯಂತ್ರಕ್ಕೆ, ಶಿಗ್ಗಾಂವಿಯ ಸ್ಟ್ಯಾಂಡ್‌ಬೈ ಸೊಸೆಯಿಂದ

ಸದಾ ಎಚ್ಚರವಿರುವ, ಆಕಳಿಕೆ ಎಂದರೇನೆಂದೇ ಅರಿಯದ ಶ್ರೀ ಪಾಳಿಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಶಿಗ್ಗಾಂವಿಯಿಂದ ಕೋ-ಪೈಲಟ್ ಅಂಕಿತಾ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ತಮ್ಮ ತಂಪುಕೋಣೆಯಲ್ಲಿ ಕರೆಂಟು ಹೋಗದೆ, ವೈರಸ್ಸು ತಗಲದೆ ಸುಖವಾಗಿರುವಿರೆಂದು ನಂಬಿದ್ದೇನೆ. ತಮಗೆ ಖಾಸಗಿಯಾಗಿಯೇ ಬರೆದು ನೋಡಿದೆ. ಬರೆದಾಗಲೆಲ್ಲ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು. ಅಷ್ಟು ಅಮೂಲ್ಯವಾದದ್ದನ್ನು ತಮಗೊಬ್ಬರಿಗೇ ಕೊಟ್ಟು ಉಳಿದವರಿಗೆ ಅನ್ಯಾಯ ಮಾಡಬಾರದೆಂದು ಈ ಸಲ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮಗೆ ನಾನೊಂದು ಸಂಖ್ಯೆ. ಶಿಗ್ಗಾಂವಿಗೆ ಮಾತ್ರ ನಾನು ಬೀಜ-ಗೊಬ್ಬರದ ಅಂಗಡಿಯ ರುದ್ರೇಶನ ಹೆಂಡತಿ, ನಾಗವ್ವನ ಸೊಸೆ, ಓಣಿಯವರ ಬಾಯಲ್ಲಿ ‘ಇಮಾನದಾಕಿ’. ಹುಬ್ಬಳ್ಳಿಯಿಂದ ಬೆಂಗಳೂರಿಗೂ ಹೈದರಾಬಾದಿಗೂ ಹೋಗಿಬರುವ ಎರಡು ಪಂಖಾಗಳ ಸಣ್ಣ ವಿಮಾನದಲ್ಲಿ ಎಡಗಡೆ ಕ್ಯಾಪ್ಟನ್ ಕೂಡುತ್ತಾರೆ, ಬಲಗಡೆ ನಾನು. ಆದರೆ ತಮ್ಮ ಕೃಪೆಯಿಂದ ತಿಂಗಳಲ್ಲಿ ಎಷ್ಟೋ ದಿನ ನಾನು ಕೂಡುವುದು ವಿಮಾನದಲ್ಲಲ್ಲ, ಅತ್ತೆಯವರ ಪಡಸಾಲೆಯಲ್ಲಿ. ಯಾವನೋ ಪೈಲಟ್ಟಿಗೆ ಜ್ವರ ಬಂದರೆ, ಇನ್ಯಾರದೋ ಕಾರು ಕೆಟ್ಟರೆ, ಅವರ ಬದಲಿಗೆ ಓಡಲು ನಮ್ಮಂಥ ಕೆಲವರನ್ನು ಕಾಯ್ದಿಡುತ್ತೀರಿ. ಇಸ್ತ್ರಿ ಮಾಡಿದ ಸಮವಸ್ತ್ರ ಗೂಟಕ್ಕೆ, ಫೋನು ಕೈಗೆ, ಪ್ರಾಣ ಫೋನಿಗೆ. ಇದಕ್ಕೆ ಸ್ಟ್ಯಾಂಡ್‌ಬೈ ಎಂದು ಹೆಸರು. ಹೆಸರು ಮಾತ್ರ ನಿಲ್ಲುವುದು, ಕೆಲಸವೆಲ್ಲ ಕೂಡುವುದು. ಹೆದ್ದಾರಿಯ ಮೇಲಿನ ಊರು, ಕರೆದರೆ ಹೊತ್ತಿಗೆ ಸರಿಯಾಗಿ ಹುಬ್ಬಳ್ಳಿ ಮುಟ್ಟುತ್ತಾಳೆಂದು ನಾನು ಶಿಗ್ಗಾಂವಿಯಲ್ಲೇ ಕಾಯಲು ತಾವು ಒಪ್ಪಿಗೆ ಕೊಟ್ಟಿರಿ. ಆ ದಿನ ಸಂತೋಷದಿಂದ ಕುಣಿದ ಮೂರ್ಖಳು ನಾನೇ.

ಏಕೆಂದರೆ ತಾವೂ ನಮ್ಮ ಅತ್ತೆಯವರೂ ಒಬ್ಬರನ್ನೊಬ್ಬರು ಕಂಡಿಲ್ಲವಾದರೂ ಒಂದು ವಿಷಯದಲ್ಲಿ ತಮ್ಮಿಬ್ಬರ ಅಭಿಪ್ರಾಯ ಒಂದೇ: ಮನೆಯಲ್ಲಿದ್ದವಳು ಖಾಲಿ ಇರುತ್ತಾಳೆ. ಮನೆಯಲ್ಲಿ ಕಾಯುವ ಹೊತ್ತನ್ನು ತಾವು ವಿಶ್ರಾಂತಿಯೆಂದು ಬಗೆಯುತ್ತೀರಿ. ಅತ್ತೆಯವರು, ‘ಹೆಂಗೂ ಮನ್ಯಾಗ ಕುಂತೀಯಲ್ಲವಾ, ನಾಕು ರೊಟ್ಟಿ ಬಡದ್ರ ಏನಾಕ್ಕೈತಿ?’ ಎನ್ನುತ್ತಾರೆ. ನಾಕು ಎಂದರೆ ನಮ್ಮ ಕಡೆ ಒಂದು ಬುಟ್ಟಿ. ನನಗೋ ಎರಡೂ ಕಡೆ ಶಹಬಾಸ್ ಬೇಕಾಗಿತ್ತು. ಆಕಾಶದಲ್ಲಿ ಜಾಣೆ, ಒಲೆಯ ಮುಂದೆ ಅದಕ್ಕಿಂತ ಜಾಣೆ ಎನಿಸಿಕೊಳ್ಳುವ ಆಸೆ. ‘ಆಗಲಿರಿ ಅತ್ತಿ’ ಎನ್ನುವುದು ನನ್ನ ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೆ ಕಂಟ್ರೋಲ್ ಟವರಿನವರಿಗೂ ಹಾಗೇ ಅನ್ನಲು ಹೋಗಿ ಅರ್ಧಕ್ಕೆ ನುಂಗಿಕೊಂಡಿದ್ದೇನೆ.

ಇಲ್ಲಿ ಕಾಕ್‌ಪಿಟ್ಟಿನ ಹಿಡಿಕೆಗಳನ್ನು ರೂಪಿಸಿದ ಎಂಜಿನಿಯರರ ಬಗ್ಗೆ ಎರಡು ಒಳ್ಳೆಯ ಮಾತು ಆಡಲು ಅಪ್ಪಣೆ ಬೇಡುತ್ತೇನೆ. ಗಾಲಿಗಳನ್ನು ಇಳಿಸುವ, ಎತ್ತುವ ಹಿಡಿಕೆಯ ತುದಿಯನ್ನು ಆ ಪುಣ್ಯಾತ್ಮರು ಪುಟ್ಟ ಗಾಲಿಯಂತೆಯೇ ದುಂಡಗೆ ಮಾಡಿದ್ದಾರೆ. ವಿಮಾನ ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಅಗಲವಾದ ಪಟ್ಟಿಗಳು ಚಾಚಿಕೊಳ್ಳುತ್ತವೆ, ಫ್ಲ್ಯಾಪು ಎನ್ನುತ್ತೇವೆ. ಅದರ ಹಿಡಿಕೆಯನ್ನು ಪಟ್ಟಿಯಂತೆಯೇ ಚಪ್ಪಟೆ ಮಾಡಿದ್ದಾರೆ. ಕಣ್ಣು ಬೇರೆ ಕಡೆ ಇದ್ದರೂ ಬೆರಳಿಗೆ ತಿಳಿಯಲೆಂದು. ಎಷ್ಟು ಓದಿದ ಪೈಲಟ್ಟೂ ಒಂದು ದಿನ ದಣಿದು ತಪ್ಪು ಹಿಡಿಕೆಗೆ ಕೈ ಹಾಕುತ್ತಾನೆಂದು ಮೊದಲೇ ಅರಿತು, ಅವನನ್ನು ಬೈಯುವ ಬದಲು ಹಿಡಿಕೆಯನ್ನೇ ತಿದ್ದಿದ ದೊಡ್ಡ ಮನಸ್ಸಿನವರು ಅವರು.

ನಮ್ಮ ಅತ್ತೆಯವರ ಅಡುಗೆಮನೆಯನ್ನು ಆ ಎಂಜಿನಿಯರರು ನೋಡಿಲ್ಲ. ಅಲ್ಲಿನ ಸ್ಟೀಲ್ ಡಬ್ಬಿಗಳೆಲ್ಲ ಒಂದೇ ಅಳತೆ, ಒಂದೇ ಹೊಳಪು. ಮದುವೆಯಾದ ಹೊಸದರಲ್ಲಿ ಮನೆಗೆ ಬಂದ ಬೀಗರಿಗೆ ನಾನು ಉಪ್ಪು ಹಾಕಿದ ಚಹಾ ಕೊಟ್ಟೆ. ಬಂದ ಬೀಗರೆಂದರೆ ಹಾನಗಲ್ಲಿನ ನನ್ನ ತವರಿನವರೇ. ಈ ಮನೆಯ ಪದ್ಧತಿಯೇ ಹೀಗಿರಬೇಕೆಂದು ನಮ್ಮ ಅಪ್ಪ ಗೋಣೆಪ್ಪನವರು ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು. ಡಬ್ಬಿಗಳಿಗೆ ಚೀಟಿ ಅಂಟಿಸೋಣವೆಂದು ಅತ್ತೆಯವರನ್ನು ಕೇಳಿಕೊಂಡಾಗ, ‘ಇಷ್ಟು ವರ್ಷ ನನಗ ತಪ್ಪಿಲ್ಲ, ನಿನಗ ಹೆಂಗ ತಪ್ಪತೈತಿ? ಲಕ್ಷ್ಯ ಕೊಡವಾ, ಲಕ್ಷ್ಯ’ ಎಂದರು. ತಾವೂ ಅದೇ ಪಂಥದವರು, ಮಾನ್ಯರೇ. ಲಕ್ಷ್ಯ ಕೊಟ್ಟರೆ ಎಲ್ಲವೂ ನೆಟ್ಟಗಾಗುತ್ತದೆ; ಲಕ್ಷ್ಯ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಕೇಳಬಾರದ ಪ್ರಶ್ನೆ.

ಇನ್ನು ಆ ದಿನದ ಮಾತಿಗೆ ಬರುತ್ತೇನೆ. ಅತ್ತೆಯವರು, ನಮ್ಮ ಮಾವ ಕರಿಬಸಪ್ಪನವರು ಮತ್ತು ದುಂಡಸಿಯಿಂದ ಬಂದ ಅತ್ತೆಯವರ ತಂಗಿ, ಮೂವರೂ ಶ್ರೀಶೈಲಕ್ಕೆ ಹೊರಟಿದ್ದರು. ಸಂಜೆ ಹುಬ್ಬಳ್ಳಿಯಿಂದ ಹೈದರಾಬಾದಿಗೆ ವಿಮಾನ, ಅಲ್ಲಿಂದ ಕಾರು. ಟಿಕೀಟು ತೆಗೆಸಿದವಳು ನಾನೇ. ಅದುವರೆಗೆ ವಿಮಾನ ಹತ್ತಿದವರು ಆ ಮೂವರಲ್ಲಿ ಒಬ್ಬರೂ ಇರಲಿಲ್ಲ. ನನಗೆ ಅಂದು ಕೋಳಿ ಕೂಗುವ ಹೊತ್ತಿನಿಂದಲೇ ತಮ್ಮ ಸ್ಟ್ಯಾಂಡ್‌ಬೈ ಆರಂಭ. ಎದ್ದವಳು ಸಮವಸ್ತ್ರ ನೋಡಿಕೊಂಡೆ, ಫೋನು ನೋಡಿಕೊಂಡೆ, ಆಮೇಲೆ ಪ್ರಯಾಣದ ಬುತ್ತಿಗೆಂದು ಒಲೆಯ ಮುಂದೆ ಕುಳಿತೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾವನವರಿಗೆ ಮೆತ್ತಗಿರಲೆಂದು ಚಪಾತಿ, ಹೈದರಾಬಾದಿನ ನೆಂಟರಿಗೆ ಕೊಡಲು ಕರ್ಚೀಕಾಯಿ. ನಡುವೆ ನನ್ನ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು, ‘ಒಂದೀಟು ಮಕ್ಕೋ, ಫೋನ್ ಬಂದ್ರ?’ ಎಂದರು. ‘ಬರಂಗಿಲ್ಲ ಬಿಡ್ರಿ’ ಎಂದೆ. ಹವಾಮಾನ ಓದಲು ಕಲಿತವಳ ಭವಿಷ್ಯವಾಣಿ ಅದು.

ಮಧ್ಯಾಹ್ನ ಎಲ್ಲರೂ ಉಂಡು, ಪಾತ್ರೆ ತೊಳೆದಿಟ್ಟು, ನಾನು ಚಾಪೆಯ ಮೇಲೆ ತಲೆ ಇಟ್ಟ ಗಳಿಗೆಯನ್ನೇ ತಾವು ಹುಡುಕಿ ಆರಿಸಿದಿರಿ. ಕೋ-ಪೈಲಟ್ ಒಬ್ಬರಿಗೆ ವಾಂತಿಯಂತೆ. ಅವರ ಬದಲಿಗೆ ನಾನು ಬೆಂಗಳೂರಿಗೆ ಹೋಗಿ, ಹುಬ್ಬಳ್ಳಿಗೆ ಮರಳಿ, ಮತ್ತೆ ಹೈದರಾಬಾದಿಗೆ ಹಾರಬೇಕು. ಕೊನೆಯದು ಅತ್ತೆಯವರದೇ ವಿಮಾನ! ಸುದ್ದಿ ಕೇಳಿ ಅತ್ತೆಯವರು ಶ್ರೀಶೈಲ ಮಲ್ಲಯ್ಯನ ಪಟಕ್ಕೆ ಕೈಮುಗಿದು ನೇರವಾಗಿ ಓಣಿಗೆ ಇಳಿದರು. ‘ನಡಕೋಂತ ಹೋಗಿಬಂದೇನಿ, ಬಸ್ಸಿನ್ಯಾಗ ಹೋಗಿಬಂದೇನಿ, ಈ ಸಲ ನನ್ನ ಸೊಸಿನ ನನ್ನ ಹಾರಿಸಿಕೊಂಡು ಒಯ್ಯಾಕತ್ತಾಳ’ ಎಂದು ಅವರು ಸಾರುತ್ತಿದ್ದಾಗ ನಾನು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದೆ. ತಲೆಯಲ್ಲಿ ಹತ್ತಿ ತುಂಬಿದಂತೆ ಇತ್ತು. ಆದರೆ ಓಣಿಯೆಲ್ಲ ಕೇಳುವಂತೆ ಹೊಗಳಿಸಿಕೊಳ್ಳುತ್ತಿರುವ ಸೊಸೆ ‘ನನಗೆ ನಿದ್ದೆ ಬರುತ್ತಿದೆ’ ಎಂದು ಹೇಗೆ ಹೇಳುತ್ತಾಳೆ? ತಾವು ಕಳಿಸಿದ ‘ಹಾರಲು ಸಮರ್ಥರಿದ್ದೀರಾ?’ ಎಂಬ ಪ್ರಶ್ನೆಗೆ ಹೌದೆಂದು ಒತ್ತಿದೆ. ಎಷ್ಟು ಸಲೀಸಾಗಿತ್ತು ಆ ಗುಂಡಿ, ಸ್ವಾಮಿ! ಬೆರಳು ತಾನೇ ಜಾರಿ ಹೋಗುವಂತೆ ಮಾಡಿದ್ದೀರಿ.

ಅಂದಿನ ಕ್ಯಾಪ್ಟನ್ ಸವಣೂರಿನ ಹಜರತಅಲಿಯವರು. ಕಡಿಮೆ ಮಾತಿನ ಹಿರಿಯರು. ನಮ್ಮ ಕಡೆಯವಳೆಂದು ನನ್ನನ್ನು ತಂಗಿ ಎಂದೇ ಕರೆಯುತ್ತಾರೆ. ಬೆಂಗಳೂರಿಗೆ ಹೋದದ್ದು ಸುಸೂತ್ರ. ಮರಳಿ ಬರುವಾಗ ಬಿಸಿಲು ಇಳಿಮುಖವಾಗಿ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಹುಬ್ಬಳ್ಳಿಯ ರನ್‌ವೇ ಎದುರಿಗೆ ಕಂಡಿತು. ಗಾಲಿಗಳನ್ನು ಇಳಿಸಿಯಾಗಿತ್ತು. ಕ್ಯಾಪ್ಟನ್ನರು ಕೊನೆಯ ಹಂತದ ಫ್ಲ್ಯಾಪು ಕೇಳಿದರು. ನಾನು ‘ಫ್ಲ್ಯಾಪ್’ ಎಂದು ಬಾಯಿ ತುಂಬ ಹೇಳಿ, ಕೈಯನ್ನು ಗಾಲಿಯ ಹಿಡಿಕೆಯ ಮೇಲಿಟ್ಟೆ.

ಕೈಯಲ್ಲಿದ್ದದ್ದು ದುಂಡಗಿತ್ತು. ದುಂಡಗಿದೆ ಎಂದು ಬೆರಳುಗಳಿಗೆ ತಿಳಿಯುತ್ತಿತ್ತು ಕೂಡ. ಆ ಸುದ್ದಿ ತಲೆಗೆ ಹೋಗಿ ಮುಟ್ಟಿರಲಿಲ್ಲ, ಅಷ್ಟೇ. ಎಳೆದಿದ್ದರೆ ನೆಲ ಮುಟ್ಟುವ ಮುಂಚೆ ಗಾಲಿಗಳು ಹೊಟ್ಟೆಯೊಳಗೆ ಸೇರುತ್ತಿದ್ದವು. ಹಿಂದೆ ಕುಳಿತವರು ಚಿಪ್ಸಿನ ಪ್ಯಾಕೀಟು ಮಡಚಿ, ಬೆಲ್ಟು ಬಿಗಿದುಕೊಂಡು, ಮನೆ ಬಂತೆಂದು ಕಿಟಕಿಯಿಂದ ನೋಡುತ್ತಿದ್ದರು. ಹಜರತಅಲಿಯವರ ಅಂಗೈ ಬಂದು ನನ್ನ ಕೈಯ ಮೇಲೆ ಮೆಲ್ಲಗೆ ಕೂತಿತು.

‘ತಂಗಿ, ಅದು ಗಾಲಿ.’

ಅಷ್ಟೇ ಮಾತು. ಅವರೇ ಫ್ಲ್ಯಾಪು ಇಳಿಸಿದರು, ವಿಮಾನ ಹೂವಿನಂತೆ ಇಳಿಯಿತು, ಜನ ಎಂದಿನಂತೆ ಗಾಲಿ ನಿಲ್ಲುವ ಮೊದಲೇ ಎದ್ದು ಚೀಲ ಎಳೆಯತೊಡಗಿದರು. ಎಲ್ಲರೂ ಇಳಿದುಹೋದ ಬಳಿಕ ಕ್ಯಾಪ್ಟನ್ನರು ನನ್ನ ಕಡೆ ತಿರುಗಿದರು. ‘ಇದನ್ನ ನಾ ಬರದು ಕೊಡ್ತೇನಿ. ನಿನ್ನ ಬೈಯಾಕಲ್ಲ, ನಾಳೆ ಇನ್ನೊಬ್ಬರ ಕೈ ಉಳೀಲಿ ಅಂತ. ಈಗ ಹೈದರಾಬಾದ್ ಐತಿ. ಹೋಗ್ತಿಯೋ ಇಲ್ಲೋ, ನಿನ್ನ ಕೈಯನ್ನ ಕೇಳು. ನಿನ್ನ ಮಾರೀನ ಕೇಳಬ್ಯಾಡ, ಅದು ಹೂಂ ಅನ್ನತೈತಿ’ ಎಂದರು. ನನ್ನ ಮುಖವನ್ನು ಇಷ್ಟು ಚೆನ್ನಾಗಿ ಬಲ್ಲವರು ನಮ್ಮ ಮನೆಯಲ್ಲೂ ಇಲ್ಲ.

ಆಮೇಲೆ ನಾನು ತಮಗೆ ಫೋನು ಮಾಡಿದೆ. ನೆನಪಿರಬಹುದು. ಜ್ವರವಿದ್ದರೆ ಒಂದು, ಪೆಟ್ಟಾಗಿದ್ದರೆ ಎರಡು, ಮನೆಯಲ್ಲಿ ಸಾವಾಗಿದ್ದರೆ ಮೂರು ಒತ್ತಬೇಕೆಂದು ತಾವು ಸುಮಧುರ ಕಂಠದಲ್ಲಿ ತಿಳಿಸಿದಿರಿ. ದಣಿವಿಗೆ ತಾವು ಅಂಕೆ ಇಟ್ಟಿರಲಿಲ್ಲ. ಮನೆಯಲ್ಲಿ ಇನ್ನೂ ಯಾರೂ ಸತ್ತಿರಲಿಲ್ಲ. ಹಾರಿದ್ದರೆ ಮೂರನೆಯದಕ್ಕೆ ಅರ್ಹಳಾಗುತ್ತಿದ್ದೆನೇನೋ. ‘ಇತರೆ’ ಒತ್ತಿ, ಪಾಳಿ ನೋಡಿಕೊಳ್ಳುವ ಅಧಿಕಾರಿಯೊಬ್ಬರು ಸಿಗುವವರೆಗೆ ತಮ್ಮ ವೀಣಾವಾದನ ಕೇಳಿದೆ. ಅವರು ಪರದೆ ನೋಡಿ, ‘ಮೇಡಂ, ನೀವು ನಿಯಮದ ಮಿತಿಯೊಳಗೇ ಇದ್ದೀರಿ, ಮಧ್ಯಾಹ್ನದವರೆಗೆ ಮನೆಯಲ್ಲೇ ಇದ್ದಿರಲ್ಲ?’ ಎಂದರು. ಇದ್ದೆ. ಸತ್ಯ. ‘ನಾನು ಹಾರುವುದಿಲ್ಲ’ ಎಂದೆ. ನನ್ನ ಬಾಯಿಂದ ‘ಇಲ್ಲ’ ಎಂಬ ಮಾತು ಬಂದದ್ದನ್ನು ಮದುವೆಯಾದಂದಿನಿಂದ ನಾನೇ ಮೊದಲ ಸಲ ಕೇಳಿದೆ.

ಬೇರೊಬ್ಬ ಸ್ಟ್ಯಾಂಡ್‌ಬೈ ಧಾರವಾಡದಿಂದ ಬರಬೇಕಾಯಿತು. ‘ಸಿಬ್ಬಂದಿಯ ಕಾರಣದಿಂದ ವಿಮಾನ ತಡವಾಗುತ್ತಿದೆ’ ಎಂದು ಧ್ವನಿವರ್ಧಕ ಹೇಳಿತು. ಹಿಂಬಾಗಿಲಿನಿಂದ ಜಾರಿ ಮನೆಗೆ ಹೋಗುವ ಅವಕಾಶ ನನಗಿತ್ತು. ಧೈರ್ಯವಂತೆ ಎಂದು ತಿಳಿಯಬೇಡಿ, ಮನೆಗೆ ಹೋದರೂ ಅತ್ತೆಯವರು ಅಲ್ಲಿಗೇ ಬರುತ್ತಾರಲ್ಲ ಎಂದು ಲೆಕ್ಕ ಹಾಕಿಯೇ ಪ್ರಯಾಣಿಕರ ಹಾಲಿಗೆ ಹೋದೆ. ನಡುಮಧ್ಯದಲ್ಲಿ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯವರು ಕುಳಿತಿದ್ದರು. ಸುತ್ತಲಿನವರಿಗೆಲ್ಲ ಕರ್ಚೀಕಾಯಿ ಹಂಚಿ ‘ಹಾರಿಸಾಕಿ ನನ್ನ ಸೊಸಿ’ ಎಂದು ಹೇಳಿ ಮುಗಿಸಿದ್ದರೆಂಬುದು ಎಲ್ಲರೂ ನನ್ನ ಕಡೆ ತಿರುಗಿದ ರೀತಿಯಲ್ಲೇ ತಿಳಿಯಿತು. ಅವರ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹೇಳಿದೆ.

‘ಅತ್ತಿ, ನಾ ಬರಾಕತ್ತಿಲ್ಲರಿ. ದಣದೇನಿ. ಬ್ಯಾರೆಯವರು ಒಯ್ತಾರ ನಿಮ್ಮನ್ನ.’

ಅತ್ತೆಯವರ ಮುಖ ಕೆಂಪಾಯಿತು. ‘ರೊಟ್ಟಿ ಬಡಿಯೂಮುಂದ ದಣಿವಿರಲಿಲ್ಲೇನು?’

‘ಇತ್ತರಿ. ಹೇಳಲಿಲ್ಲ.’

ಅವರು ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಹಿರೇಕೆರೂರ ಕಡೆಯವನೊಬ್ಬ, ಕೈಯಲ್ಲಿ ನಮ್ಮದೇ ಕರ್ಚೀಕಾಯಿ ಹಿಡಿದುಕೊಂಡು ಎದ್ದುನಿಂತ. ‘ದಣಿವಂತ ದಣಿವು! ಕುಂತು ಹಾರಿಸೂದಕ್ಕ ಎಂಥಾ ದಣಿವು? ಹೆಣ್ಮಕ್ಕಳ ಕೈಯಾಗ ಕೊಟ್ರ ಇದ ಹಣೇಬರ’ ಎಂದು ಹಾಲೆಲ್ಲ ಕೇಳುವಂತೆ ಕೂಗಿದ. ನಾನು ತಲೆ ತಗ್ಗಿಸಿದೆ. ಅತ್ತೆಯವರು ಗಂಟನ್ನು ತಂಗಿಯ ಮಡಿಲಿಗೆ ಹಾಕಿ ಎದ್ದರು.

‘ನೀ ಯಾವೂರಂವಪಾ ನನ್ನ ಸೊಸೀಗೆ ಬೈಯಾಂವ? ಆಕೀನ ಬೈಯಾಕ ನಾ ಅದೇನಿ, ಮನ್ಯಾಗ ಅದೇನಿ, ಗಟ್ಟಿಮುಟ್ಟ ಅದೇನಿ. ದಣದೇನಿ ಅಂತ ಬಾಯಿಬಿಟ್ಟು ಹೇಳಿದ್ಲು, ನೀ ಉಳದಿ. ಕುಂದ್ರು. ಕುಂತು ಕರ್ಚೀಕಾಯಿ ತಿನ್ನು!’

ಅವನು ಕುಳಿತ. ತಿಂದ ಕೂಡ. ಅತ್ತೆಯವರು ಮತ್ತೆ ನನ್ನ ಕಡೆ ನೋಡಲಿಲ್ಲ. ಅವರ ಸಿಟ್ಟು ಇಳಿದಿರಲಿಲ್ಲ, ಅದನ್ನು ಹೊರಗಿನವರೊಡನೆ ಹಂಚಿಕೊಳ್ಳಲು ಮಾತ್ರ ಒಪ್ಪಿರಲಿಲ್ಲ. ಮಾವನವರು ನನ್ನ ಭುಜದ ಪಟ್ಟಿಯನ್ನು ಮುಟ್ಟಿ, ‘ಮನೀಗ್ಹೋಗಿ ಮಕ್ಕೋ ಹೋಗವಾ’ ಎಂದರು. ರುದ್ರೇಶ ಕಾರು ತಂದಿದ್ದರು. ಟೋಲ್ ದಾಟುವುದರೊಳಗೆ ನಾನು ನಿದ್ದೆ ಹೋಗಿದ್ದೆನಂತೆ, ಬಾಯಿ ತೆರೆದುಕೊಂಡು.

ಅವರೆಲ್ಲ ಸುಖವಾಗಿ ಶ್ರೀಶೈಲ ಮುಟ್ಟಿದರು. ಮರಳಿ ಬಂದ ಅತ್ತೆಯವರು ನನ್ನ ಹಣೆಗೆ ವಿಭೂತಿ ಹಚ್ಚಿ, ಊಟಕ್ಕೆ ಕುಳಿತಾಗ ಕೇಳಿದರು: ‘ಅವತ್ತ ಏನಾಗಿತ್ತು? ಖರೇ ಹೇಳು.’ ದುಂಡಗಿನ ಹಿಡಿಕೆಯ ಕತೆಯನ್ನು ಹೇಳಿದೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. ಆಮೇಲೆ ಹೇಳಿದ್ದು ಒಂದೇ ಮಾತು: ‘ನಾನೂ ಕೇಳಲಿಲ್ಲ.’ ಮುಂದಿನ ಸ್ಟ್ಯಾಂಡ್‌ಬೈ ದಿನ ನಾನು ರೂಢಿಯಂತೆ ಹಿಟ್ಟು ನಾದುವ ಕೊಣಮಿಗೆಗೆ ಕೈಹಾಕಿದಾಗ ಅವರು ಹಿಟ್ಟಿನ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು, ಕೋಣೆಯತ್ತ ಬೆರಳು ತೋರಿಸಿದರು.

ಇತ್ತ ತಾವು ನನ್ನ ಹೆಸರಿನ ಮುಂದೆ ‘ಪಾಳಿ ನಿರಾಕರಣೆ’ ಎಂದು ಕೆಂಪು ಗುರುತು ಹಾಕಿದಿರಿ. ವಿವರಣೆ ಕೇಳಿದಿರಿ, ಕೊಟ್ಟೆ. ಹಜರತಅಲಿಯವರ ವರದಿಗೂ ‘ನಿಮ್ಮ ಅಭಿಪ್ರಾಯ ಅಮೂಲ್ಯ’ ಎಂಬ ಪ್ರಸಾದ ದೊರೆತಿದೆಯಂತೆ. ಅಷ್ಟಕ್ಕೆ ನಿಲ್ಲದೆ, ಚೆನ್ನಾಗಿ ನಿದ್ದೆ ಮಾಡುವುದು ಹೇಗೆಂಬ ವೀಡಿಯೋ ಪಾಠವನ್ನು ನನಗೆ ಕಡ್ಡಾಯ ಮಾಡಿ, ಅದನ್ನು ನನ್ನ ರಜೆಯ ದಿನ ನಸುಕಿಗೆ ಇಟ್ಟಿರಿ. ತಮ್ಮ ಕರುಣೆಗೆ ಏನು ಹೇಳಲಿ! ಎದ್ದು ಕುಳಿತು, ಕಣ್ಣುಜ್ಜಿಕೊಳ್ಳುತ್ತ, ಮಲಗುವ ವಿದ್ಯೆ ಕಲಿತೆ. ಪಾಸಾಗಿದ್ದೇನೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಕೆಲವು ಅಲ್ಪ ಬೇಡಿಕೆಗಳು. ತಮ್ಮ ಫೋನಿನಲ್ಲಿ ದಣಿವಿಗೂ ಒಂದು ಗುಂಡಿ ಇಡಬೇಕು. ಅದು ಆಕಳಿಸುವ ಬಾಯಿಯ ಆಕಾರದಲ್ಲಿರಲಿ, ಕಣ್ಣು ಮುಚ್ಚಿದ್ದರೂ ಸಿಗುವಂತೆ. ಆಗದಿದ್ದರೆ, ಮನೆಯಲ್ಲಿ ಕಾಯುವ ನಮ್ಮನ್ನು ಬಿಟ್ಟು, ನಿದ್ದೆಯೂ ಅತ್ತೆಯೂ ಇಲ್ಲದ ಪೈಲಟ್ಟುಗಳನ್ನು ಎಲ್ಲಿಂದಾದರೂ ತರಿಸಿಕೊಳ್ಳಬೇಕು. ಅದೂ ಆಗದಿದ್ದರೆ ತಾವೇ ಒಂದು ದಿನ ಶಿಗ್ಗಾಂವಿಗೆ ದಯಮಾಡಿಸಿ, ನಮ್ಮ ಪಡಸಾಲೆಯಲ್ಲಿ ವಿಶ್ರಾಂತಿ ಪಡೆಯಬೇಕು. ಬಂದವರನ್ನು ಮಾತಾಡಿಸಿ, ಫೋನಿನ ಬೆಲ್ಲು ಹೊಡೆದಾಗಲೆಲ್ಲ ಬೆಚ್ಚಿಬಿದ್ದು, ಸಂಜೆ ಯಾರಾದರೂ ತಮ್ಮ ಭುಜ ತಟ್ಟಿ ‘ಇಡೀ ದಿನ ಮನೆಯಲ್ಲೇ ಇದ್ದಿರಲ್ಲ’ ಎನ್ನುವವರೆಗೆ. ಆಮೇಲೆ ಒಂದು ವಿಮಾನ ಇಳಿಸಿ ತೋರಿಸಿದರೆ ಈ ಪತ್ರವನ್ನು ಕ್ಷಮೆಯೊಂದಿಗೆ ಹಿಂದಕ್ಕೆ ಪಡೆಯುತ್ತೇನೆ. ಹಿಂದಿನ ಸೀಟಿನಲ್ಲಿ ಕೂಡಲು ಮಾತ್ರ ನನ್ನನ್ನು ಕರೆಯಬಾರದು.

ಹೌದೆನ್ನುವ ಚಟ ಬಿಡಲು ಪ್ರಯತ್ನಿಸುತ್ತಿರುವ,
ತಮ್ಮ ವಿಶ್ವಾಸಿ,
ಅಂಕಿತಾ ರುದ್ರೇಶ
ಶಿಗ್ಗಾಂವಿ

ತಾ.ಕ.: ಮೊನ್ನೆ ನನ್ನ ರಜೆಯ ದಿನ, ನಾನು ಮಲಗಿದ್ದಾಗ, ‘ಒಂದು ಪಾಳಿಗೆ ಬರುವಿರಾ’ ಎಂದು ಕೇಳಲು ತಾವು ಮಾಡಿದ ಕರೆಯನ್ನು ನಮ್ಮ ಅತ್ತೆಯವರು ಎತ್ತಿದರು. ಸೊಸೆ ಮಲಗಿದ್ದಾಳೆ, ಎಬ್ಬಿಸುವುದಿಲ್ಲವೆಂದು ಅವರು ಸಮಾಧಾನದಿಂದಲೇ ಹೇಳಿದರಂತೆ. ತಾವು ‘ಕ್ಷಮಿಸಿ, ನಿಮ್ಮ ಉತ್ತರ ಅರ್ಥವಾಗಲಿಲ್ಲ’ ಎಂದಿರಿ. ಅವರು ಮತ್ತೆ ಹೇಳಿದರು. ತಾವು ಮತ್ತೆ ಅದನ್ನೇ ಅಂದಿರಿ. ಕೊನೆಗೆ ಅವರು ಹೇಳಿದ ಮಾತು ತಮ್ಮಲ್ಲಿ ದಾಖಲಾಗಿರುತ್ತದೆ. ಆದರೂ ಗುಂಡಿ ಒತ್ತಿ ಉತ್ತರಿಸದ ಮಾತನ್ನು ತಾವು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ: ‘ನಿನಗ ತಿಳೀಲಿಲ್ಲಂದ್ರ, ತಿಳಿಯೂವಂಥವರು ಯಾರರ ಮನ್ಯಾಗ ಇದ್ರ ಅವರ ಕೈಯಾಗ ಕೊಡಪಾ ಫೋನು.’ ಹಾಗೆ ಯಾರಾದರೂ ಇದ್ದಾರೆಯೇ, ಮಾನ್ಯರೇ? ಅತ್ತೆಯವರು ಇನ್ನೂ ಲೈನಿನಲ್ಲೇ ಇದ್ದಾರೆ.